ಗಾಲಿಗೂ ಮಿಷನ್ನಿಗೂ ನಡುವಿನ ಜಾಗ

ನಮ್ಮ ಕಾಲೇಜಿನ ಹಿಂದಿನ ಬಯಲಿನಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಮೊಣಕಾಲುದ್ದ ಹುಲ್ಲು ನಿಂತಿರುತ್ತದೆ. ಹೋದ ವಾರ ಅದನ್ನು ಕೊಯ್ಯಲು ಯಾರದೋ ಟ್ರ್ಯಾಕ್ಟರ್ ಬಂದಿತ್ತು. ನಾನು ಪಾಠ ಮಾಡುತ್ತಿದ್ದೆ. ಕಿಟಕಿಯಿಂದ ಮೊದಲು ಹಸಿ ಹುಲ್ಲಿನ ವಾಸನೆ ಬಂತು, ಅದರ ಬೆನ್ನಿಗೇ ಡೀಸೆಲ್ ಹೊಗೆ. ಬೇರೆ ಬೇರೆಯಾಗಿ ಬಂದಿದ್ದರೆ ನನಗೇನೂ ಆಗುತ್ತಿರಲಿಲ್ಲ. ಎರಡೂ ಕೂಡಿ ಬಂದದ್ದರಿಂದ ಹಲಗೆಯ ಮೇಲೆ ಎಳೆಯುತ್ತಿದ್ದ ಗೆರೆ ಅರ್ಧಕ್ಕೆ ನಿಂತಿತು. ನಾನು ಲೆಕ್ಕ ಮರೆತಿದ್ದೇನೆಂದು ತಿಳಿದ ಹುಡುಗರು ಬಹಳ ಸಂತೋಷದಿಂದ ಕಾದು ಕುಳಿತರು. ನಾನೂ ಹಾಗೆಯೇ ತಿಳಿಯಲಿ ಎಂದು ಬಿಟ್ಟೆ. ಲೆಕ್ಕದ ಅಧ್ಯಾಪಕಿ ಲೆಕ್ಕ ಮರೆಯುವುದನ್ನು ಜನ ಕ್ಷಮಿಸುತ್ತಾರೆ. ಹುಲ್ಲಿನ ವಾಸನೆಗೆ ಹೆದರುವವಳನ್ನು ಏನೆಂದುಕೊಂಡಾರು?

ನನ್ನ ಜೊತೆ ಬಸ್ ಸ್ಟ್ಯಾಂಡಿಗೆ ಬಂದವರಿಗೆ ಮಾತ್ರ ಈ ಹೆದರಿಕೆಯ ಅರ್ಧ ಭಾಗ ಗೊತ್ತಿದೆ. ನಿಂತ ಗಾಡಿಯ ಹಿಂದೆ ನಾನು ಎಂದೂ ಹಾಯುವುದಿಲ್ಲ. ಲಾರಿ, ಬಸ್ಸು, ಎತ್ತು ಬಿಚ್ಚಿಟ್ಟ ಖಾಲಿ ಬಂಡಿ, ಯಾವುದೇ ಇರಲಿ, ಮುಂದಿನಿಂದ ಸುತ್ತು ಹೊಡೆದೇ ಹೋಗುತ್ತೇನೆ. ಧಾರವಾಡದಲ್ಲಿ ಓದುವಾಗ ನನ್ನ ಕೋಣೆಯ ಗೆಳತಿ ಇದನ್ನು ನೋಡಿ ನೋಡಿ ಬೇಸತ್ತು ಒಮ್ಮೆ ನಡುಬೀದಿಯಲ್ಲೇ ಕೇಳಿದ್ದಳು: "ಗಾಡ್ಯಾಗ ಡ್ರೈವರ್ರ ಇಲ್ಲ. ನೀ ಅಂಜೂದು ಯಾರಿಗೆ?" ನಾನು ನಕ್ಕು ಸುಮ್ಮನಾದೆ. ಸುಮ್ಮನಾಗುವುದರಲ್ಲಿ ನನಗೆ ಮೊದಲಿನಿಂದಲೂ ಒಳ್ಳೆಯ ಅಭ್ಯಾಸವಿದೆ. ಅವಳಿಗೆ ಹೇಳದೆ ಬಿಟ್ಟದ್ದನ್ನು ಇಂದು ನಿಮಗೆ ಹೇಳುತ್ತೇನೆ.

ನನ್ನ ಕಾಕಾನ ಮನೆ ಭಂಕೂರಿನ ಆಚೆ, ಹೊಲದಲ್ಲೇ ಇತ್ತು. ಅಪ್ಪನ ತಮ್ಮ ಅವನು. ಅಪ್ಪ ವಾಡಿ ಸ್ಟೇಷನ್ನಿನಲ್ಲಿ ಗುಮಾಸ್ತನಾಗಿದ್ದರಿಂದ ನಾವು ರೈಲ್ವೆ ಮನೆಗಳಲ್ಲಿ ಬೆಳೆದವರು. ಅಂಗಳ ಎಂಬುದನ್ನು ನಾನು ಕಂಡದ್ದು ರಜೆಯಲ್ಲಿ ಮಾತ್ರ. ಕಾಕಾನಿಗೂ ಅವನ ಹೆಂಡತಿ, ನನ್ನ ಕಾಕುಗೂ ಮಕ್ಕಳಿರಲಿಲ್ಲ. ದಸರೆಯ ರಜೆ ಬಂತೆಂದರೆ ಅವರ ಮನೆಯ ಮಗಳು ನಾನೇ.

ನೀವು ಆ ಕಡೆಯವರಾಗಿದ್ದರೆ ಆ ನೆಲ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಕೆಳಗೆಲ್ಲ ಮನೆಗೆ ಹಾಸುವ ಫರಸಿ ಕಲ್ಲು, ಮೇಲೆ ಅಂಗೈ ದಪ್ಪ ಮಣ್ಣು. ಕಾಕಾನ ಹೊಲದ ಒಂದು ಭಾಗದಲ್ಲಿ ಜೋಳ, ತೊಗರಿ ಬರುತ್ತಿತ್ತು. ಉಳಿದದ್ದರಲ್ಲಿ ಹುಲ್ಲು ಬಿಟ್ಟರೆ ಮತ್ತೇನೂ ಏಳುತ್ತಿರಲಿಲ್ಲ. ಅವನು ಅದಕ್ಕೆ ಅಳುತ್ತ ಕೂಡದೆ ಎಮ್ಮೆ ಕಟ್ಟಿದ, ಶಹಾಬಾದಿನ ಹೋಟೆಲುಗಳಿಗೆ ಹಾಲು ಹಾಕಿದ, ಗಣಿಯಿಂದ ಫರಸಿ ಸಾಗಿಸಲು ಒಂದು ಹಳೆಯ ಟ್ರ್ಯಾಕ್ಟರ್ ತಂದ. ಆಮೇಲೆ ಹೈದರಾಬಾದ್ ಕಡೆ ಎಲ್ಲೋ ಹರಾಜಿನಲ್ಲಿ ಹಿಡಿದೆನೆಂದು ಹುಲ್ಲು ಕೊಯ್ಯುವ ಮಿಷನ್ನೊಂದನ್ನೂ ತಂದ. ಟ್ರ್ಯಾಕ್ಟರಿನ ಹಿಂದೆ ಕಟ್ಟಿಕೊಂಡು ಹೋದರೆ ಅದರ ಉದ್ದನೆಯ ಹಲ್ಲು ನೆಲಕ್ಕೆ ಸಮನಾಗಿ ಓಡಾಡಿ ಹುಲ್ಲನ್ನು ಮಲಗಿಸುತ್ತಿತ್ತು. ಸುತ್ತಲಿನ ಊರಿನವರು ಅದನ್ನು ನೋಡಲು ಬರುತ್ತಿದ್ದರು.

ನನ್ನ ಹೆದರಿಕೆ ಅದರ ಹಲ್ಲಿನದಲ್ಲ, ಅದನ್ನು ಕಟ್ಟುವ ಹೊತ್ತಿನದು. ಟ್ರ್ಯಾಕ್ಟರಿನ ಬೆನ್ನಲ್ಲಿ ಮೂರು ತೋಳುಗಳಿರುತ್ತವೆ: ಕೆಳಗೆ ಎಡಕ್ಕೊಂದು ಬಲಕ್ಕೊಂದು, ಮೇಲೆ ನಡುವೆ ಒಂದು. ಪ್ರತಿ ತೋಳಿನ ತುದಿಗೂ ತೂತು. ಮಿಷನ್ನಿನ ಚೌಕಟ್ಟಿನಲ್ಲಿ ಅದಕ್ಕೆ ಸರಿಯಾದ ಗೂಟಗಳು. ಟ್ರ್ಯಾಕ್ಟರನ್ನು ಹಿಂದಕ್ಕೆ ತಂದು ತೂತಿಗೆ ಗೂಟ ಕೂಡಿಸಿ ಪಿನ್ನು ಹಾಕಬೇಕು. ಬೆರಳಿನಷ್ಟು ಆಚೀಚೆಯಾದರೂ ಕೂಡುವುದಿಲ್ಲ. ಬಲಗಡೆಯ ತೋಳನ್ನು ಹಿಡಿಕೆ ತಿರುಗಿಸಿ ಏರಿಸಬಹುದು, ಇಳಿಸಬಹುದು. ಎಡಗಡೆಯದಕ್ಕೆ ಆ ಸೌಕರ್ಯ ಇರಲಿಲ್ಲ. ಹಾಗಾಗಿ ಎಡಗಡೆಯದನ್ನೇ ಮೊದಲು ಕೂಡಿಸಬೇಕು. ಆದರೆ ತೋಳು ಎತ್ತುವ ಕಡ್ಡಿ ಇದ್ದದ್ದು ಕಾಕಾನ ಬಲಗೈ ಹತ್ತಿರ. ಅದರ ಮೇಲೆ ಕೈಯಿಟ್ಟು ಅವನು ಬಲಭುಜದ ಮೇಲಿಂದ ಹಿಂದೆ ನೋಡುತ್ತಿದ್ದ. ಎಡಗಡೆ ಅವನಿಗೆ ಕಾಣುತ್ತಿರಲಿಲ್ಲ.

ಎಡಗಡೆ ನಿಲ್ಲುತ್ತಿದ್ದವಳು ಕಾಕು.

ಅವಳನ್ನು ಅಲ್ಲಿ ಯಾರೂ ನಿಲ್ಲಿಸಿದ್ದಲ್ಲ. ಎತ್ತುಗಳಿದ್ದ ಕಾಲದಲ್ಲಿ ನೊಗ ಎತ್ತಿ ಹಿಡಿಯುವುದು ಅವಳ ಕೆಲಸವಾಗಿತ್ತು. ನೊಗದ ಪಕ್ಕ ನಿಂತು "ಬಾ, ಬಾ" ಎಂದರೆ ಎತ್ತು ತಾನಾಗಿ ಹಿಂದೆ ಸರಿದು ಕೊರಳು ಕೊಡುತ್ತಿತ್ತು. ಅವಳ ಮೈ ತಗುಲಿದರೆ ನಿಂತುಬಿಡುತ್ತಿತ್ತು. ಎತ್ತು ಹೋಗಿ ಟ್ರ್ಯಾಕ್ಟರ್ ಬಂದಾಗ ಕಾಕಾ ಎತ್ತರದ ಸೀಟಿಗೆ ಏರಿದ, ಕಾಕು ತನ್ನ ಹಳೆಯ ಜಾಗದಲ್ಲೇ ಉಳಿದಳು. ದೊಡ್ಡ ಗಾಲಿಗೂ ಮಿಷನ್ನಿನ ಚೌಕಟ್ಟಿಗೂ ನಡುವೆ ಒಬ್ಬ ಮನುಷ್ಯ ಅಡ್ಡಲಾಗಿ ನಿಲ್ಲುವಷ್ಟು ಜಾಗ. ಅಲ್ಲಿ ನಿಂತು ಒಂದು ಕೈಯಲ್ಲಿ ಕಬ್ಬಿಣದ ತೋಳು ಎತ್ತಿ, ಇನ್ನೊಂದು ಕೈಯಲ್ಲಿ ಹಾರೆಯಿಂದ ಮಿಷನ್ನನ್ನು ಮೀಟುತ್ತಿದ್ದಳು.

ಎಂಜಿನ್ ಬಂದ್ ಮಾಡಿ ಇದನ್ನೆಲ್ಲ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಬ್ಯಾಟರಿ ಮುದಿಯಾಗಿತ್ತು, ಒಮ್ಮೆ ಬಂದ್ ಮಾಡಿದರೆ ಇಳಿಜಾರಿನಲ್ಲಿ ದೂಡಿಯೇ ಚಾಲೂ ಮಾಡಬೇಕಿತ್ತು. ಹಾಗಾಗಿ ಅದು ಗುಡುಗುತ್ತಲೇ ಇರುತ್ತಿತ್ತು, ಕಾಕಾನ ಕಾಲು ಕ್ಲಚ್ಚಿನ ಮೇಲೆ ಅರ್ಧ ಒತ್ತಿ ಅರ್ಧ ಬಿಟ್ಟು ಆಡುತ್ತಲೇ ಇರುತ್ತಿತ್ತು. ಫರಸಿ ಸಾಗಿಸುವ ದಿನ ಮಿಷನ್ನು ಬಿಚ್ಚಬೇಕು, ಹುಲ್ಲು ಕೊಯ್ಯುವ ದಿನ ಮತ್ತೆ ಕಟ್ಟಬೇಕು. ಆ ಹಂಗಾಮಿನಲ್ಲಿ ಇದು ಮುಗಿಯದ ಕೆಲಸ. ಹಿಂದಿನ ಗೇರು ಬೀಳುವ 'ಕರ್' ಶಬ್ದ ಕೇಳಿದರೆ ಸಾಕು, ನಾನು ಎಲ್ಲಿದ್ದರೂ ಬಂದು ಕಟ್ಟೆಯ ಮೇಲೆ ಕೂಡುತ್ತಿದ್ದೆ. ನೋಡುತ್ತಿದ್ದರೆ ಏನೂ ಆಗುವುದಿಲ್ಲ ಎಂದು ನನ್ನ ನಂಬಿಕೆ. ರೆಪ್ಪೆ ಬಡಿಯುವುದನ್ನೂ ತಡೆಹಿಡಿಯುತ್ತಿದ್ದೆ.

"ಅಂಜಬ್ಯಾಡವಾ," ಎನ್ನುತ್ತಿದ್ದ ಕಾಕಾ, "ಕ್ಲಚ್ ನನ್ನ ಕಾಲಾಗ ಅದ. ನನ್ನ ಕಾಲು ನಿಮ್ಮ ಕಾಕೂನ ಕೈಯಾಗ ಅದ."

ಕಾಕುವನ್ನು ಕೇಳಿದರೆ ಅವಳು ಬೇರೆಯೇ ಹೇಳುತ್ತಿದ್ದಳು. "ನೀ ಕಟ್ಟಿ ಮ್ಯಾಲ ಕುಂತು ಎಲ್ಲಾ ನೋಡ್ತಿ, ಅದಕ್ಕ ನಿನಗ ಅಂಜಿಕಿ. ನನಗ ಆ ತೂತು ಬಿಟ್ರ ಬ್ಯಾರೆ ಏನೂ ಕಾಣಂಗಿಲ್ಲ ನೋಡು."

ಅವಳಿಗೆ ಒಂದೇ ತೊಡಕಿತ್ತು. ಅವನನ್ನು ನಿಲ್ಲಿಸುವುದು ಹೇಗೆ? ಗಂಡನ ಹೆಸರು ಹಿಡಿಯುವಂತಿಲ್ಲ. ಹೆಂಡತಿ ಹೆಸರು ಹಿಡಿದರೆ ಗಂಡನ ಆಯುಷ್ಯ ಸವೆಯುತ್ತದೆ ಎಂಬುದು ಅವಳಿಗೆ ಹಗಲು ರಾತ್ರಿಯಷ್ಟೇ ನಿಜ. "ಏನ್ರಿ, ಇಲ್ಲಿ ಕೇಳ್ರಿ" ಎಂಬ ಮೆಲುದನಿ ಆ ಗುಡುಗಿನಲ್ಲಿ ಅವಳ ಕಿವಿಗೇ ಕೇಳುತ್ತಿರಲಿಲ್ಲ. ಕೊನೆಗೆ ಅವಳು ಎತ್ತನ್ನು ನಿಲ್ಲಿಸುವ ಕೂಗನ್ನೇ ತೆಗೆದಳು: "ಹೋ... ಹೋ ಹೋ!" ಕಾಕಾನೂ ಒಗ್ಗಿಕೊಂಡ, ಆ ಕೂಗಿಗೆ ಅವನ ಕಾಲು ತಾನಾಗಿ ಕ್ಲಚ್ ಒತ್ತುತ್ತಿತ್ತು. ಹುಲ್ಲಿನ ಪೆಂಡಿ ಕಟ್ಟಲು ಬರುತ್ತಿದ್ದ ನೀಲಮ್ಮ ಎಂಬಾಕೆಗೆ ಇದಕ್ಕಿಂತ ದೊಡ್ಡ ಮೋಜಿರಲಿಲ್ಲ.

"ಯಕ್ಕಾ, ಗಂಡಗ ಹೋ ಹೋ ಅಂತಿ. ಮೂಗುದಾಣ ಯಾವಾಗ ಹಾಕಸ್ತಿ?"

"ಲಗ್ನದ ದಿನಾನೇ ಹಾಕೀನಿ," ಎಂದಳು ಕಾಕು, ಪಿನ್ನಿನಿಂದ ಕಣ್ಣೆತ್ತದೆ. "ನಿನಗ ಕಾಣವಲ್ದು ಅಷ್ಟೆ."

ಕಾಕಾ ಸೀಟಿನ ಮೇಲಿಂದ, "ಮೇವು ಹಾಕಂದ್ರೂ ಜಲ್ದಿ ಹಾಕಂಗಿಲ್ರಿ ಈಕಿ," ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಗಾಲಿಯ ಮೇಲಿಂದ ಕಣ್ಣು ಮಾತ್ರ ತೆಗೆಯಲಿಲ್ಲ.

ನಾನು ಹೈಸ್ಕೂಲು ಮುಗಿಸುವ ವರ್ಷದ ರಜೆ ಅದು. ಒಂದು ಮುಂಜಾನೆ ಅಪ್ಪ ವಾಡಿಯಿಂದ ಬಂದ. ಅವನು ಅಲ್ಲಿಗೆ ಬರುತ್ತಿದ್ದುದೇ ಅಪರೂಪ. ಭಾವ ಬರುತ್ತಾರೆಂದು ಕಾಕು ಆಗಷ್ಟೇ ಅಂಗಳ ತೊಳೆದಿದ್ದಳು. ಮನೆಯ ಅಂಗಳಕ್ಕೂ ಫರಸಿಯೇ ಹಾಸಿತ್ತು. ನೀರು ನಿಲ್ಲದಿರಲೆಂದು ದನದ ಗ್ವಾದಲಿಯ ಕಡೆಗೆ ಇಳಿಜಾರು ಕೊಟ್ಟಿದ್ದರು. ವರ್ಷಗಟ್ಟಲೆ ಎಮ್ಮೆಗಳು ತುಳಿದು ನುಣುಪಾದ ಕಲ್ಲು ತೊಳೆದಾಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮೇವು ಹಾಕುವ ಆ ಕಲ್ಲಿನ ಗ್ವಾದಲಿಯ ಮುಂದೆ, ಒಂದು ಗೇಣು ಬಿಟ್ಟು, ಹುಲ್ಲಿನ ಮಿಷನ್ನು ನಿಂತಿತ್ತು.

ಅಪ್ಪ ಬಂದರೆ ಕಾಕು ಬೇರೆಯೇ ಹೆಂಗಸಾಗುತ್ತಿದ್ದಳು. ಗಂಡನ ಅಣ್ಣನೆದುರು ತಲೆಯ ಮೇಲೆ ಸೆರಗು, ದನಿ ಹೊರಗೆ ಕೇಳಬಾರದು. ಊಟಕ್ಕೆ ಬಡಿಸುವಾಗಲೂ "ಇನ್ನಟು ಹಾಕ್ಲೇನು ಕೇಳು" ಎಂದು ನನ್ನ ಮೂಲಕವೇ ಕೇಳುತ್ತಿದ್ದಳು. ಇದಕ್ಕೆ ಅಪ್ಪನ ಕಡೆಯಿಂದಲೂ ಒಂದು ಮರ್ಯಾದೆಯಿತ್ತು. ತಮ್ಮನ ಹೆಂಡತಿ ಓಡಾಡುವ ಕಡೆಗೆ ಅವನು ಮುಖ ಮಾಡಿ ಕೂಡುತ್ತಿರಲಿಲ್ಲ. ಅಂದೂ ಹೊರಸನ್ನು ತಾನೇ ಎತ್ತಿ, ಬೇವಿನ ಗಿಡದ ಕೆಳಗೆ, ಅಂಗಳಕ್ಕೆ ಬೆನ್ನು, ಗೋಡೆಗೆ ಮುಖ ಮಾಡಿ ಹಾಕಿಕೊಂಡು ಪೇಪರು ಬಿಡಿಸಿದ. ಈಗ ಎಣಿಸಿ ನೋಡಿದರೆ, ಎಡಗಡೆಯ ಗಾಲಿ ನೇರವಾಗಿ ಕಾಣುವ ಜಾಗದಲ್ಲಿ ಕೂತಿದ್ದ ದೊಡ್ಡವನು ಅವನೊಬ್ಬನೇ. ಅವನೂ ಗೋಡೆ ನೋಡುತ್ತಿದ್ದ.

ಗೇರು ಬಿದ್ದ ಶಬ್ದ ಕೇಳಿ ನಾನು ಕಟ್ಟೆಗೆ ಬಂದೆ. ಕಾಕು ಆಗಲೇ ನಡುವೆ ನಿಂತಿದ್ದಳು. ಎರಡೂ ಕೈಗೆ ಕೆಲಸ. ಸೆರಗು ಜಾರಬಾರದೆಂದು ಅದರ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ನಮ್ಮ ಕಡೆಯ ಹೆಂಗಸರೆಲ್ಲ ಹಾಗೆ ಮಾಡುತ್ತಾರೆ; ನಾನು ಸಾವಿರ ಸಲ ನೋಡಿದ್ದೆ. ಆ ಕಚ್ಚಿದ ಬಾಯಿಯಿಂದ "ಹೋ" ಎನ್ನಲಾಗುವುದಿಲ್ಲ ಎಂಬುದು ಆ ಕ್ಷಣದವರೆಗೆ ನನಗೆ ಹೊಳೆದಿರಲಿಲ್ಲ.

ಟ್ರ್ಯಾಕ್ಟರ್ ಹಿಂದೆ ಸರಿಯಿತು. ಗೂಟದ ಹತ್ತಿರ ಬಂತು. ಅವಳು ತಲೆ ಅಲ್ಲಾಡಿಸಿದಳು, ಸಾಕು ಎಂಬಂತೆ. ಯಾರಿಗೆ ಕಾಣಬೇಕು? ಕಾಕಾ ಬಲಕ್ಕೆ ಹೊರಳಿ ನೋಡುತ್ತಿದ್ದ. ಅವನು ಬ್ರೇಕ್ ಒತ್ತಿದನೋ ಏನೋ, ಗಾಲಿ ತಿರುಗುವುದು ನಿಂತಿತು; ಟ್ರ್ಯಾಕ್ಟರ್ ನಿಲ್ಲಲಿಲ್ಲ. ಒದ್ದೆ ಫರಸಿಯ ಮೇಲೆ ಅಷ್ಟು ಭಾರವೂ ಎಣ್ಣೆ ಸವರಿದಂತೆ ಸದ್ದಿಲ್ಲದೆ ಇಳಿಜಾರಿಗೆ ಜಾರತೊಡಗಿತು. ಮಿಷನ್ನು ಹಿಂದಕ್ಕೆ ಹೋಗಿ ಗ್ವಾದಲಿಯ ಕಲ್ಲಿಗೆ ಬಡಿದು ನಿಂತಿತು. ಇನ್ನು ಅದಕ್ಕೆ ಸರಿಯಲು ಜಾಗವಿರಲಿಲ್ಲ. ಗಾಲಿಗೆ ಇತ್ತು. ನಡುವೆ ಕಾಕು ಇದ್ದಳು.

ನಾನು ಕೂಗಿದೆ. "ಕಾಕಾ!" ಎಂದು ಕೂಗಿದೆನೆಂದೇ ನನ್ನ ನೆನಪು. ನನ್ನ ದನಿ ಎಂಥದೆಂದು ನನ್ನ ವಿದ್ಯಾರ್ಥಿಗಳನ್ನು ಕೇಳಿ. ಮೂರನೆಯ ಬೆಂಚಿನಾಚೆ ಹೋಗುವುದಿಲ್ಲ. ಕಾಕು ಹಾರೆ ಬಿಟ್ಟು ಎರಡೂ ಅಂಗೈಯನ್ನು ಗಾಲಿಗೆ ಒತ್ತಿದಳು, ಮೈಮೇಲೆ ಬರುವ ಎಮ್ಮೆಯನ್ನು ತಡೆಯುವವರ ಹಾಗೆ. ಬಳೆಗಳು ಒಡೆದವು. ಮೊಣಕೈ ಮಡಚಿತು. ಅವಳ ಮುಖ ನನ್ನ ಕಡೆಗಿತ್ತು. ಆ ಮುಖದಲ್ಲಿ ಕಣ್ಣು ಇಷ್ಟಗಲ ತೆರೆದಿತ್ತು, ಸೆರಗು ಮಾತ್ರ ಹಲ್ಲಿನಲ್ಲೇ ಇತ್ತು. ಬೇವಿನ ಕೆಳಗೆ ಪೇಪರಿನ ಹಾಳೆ ತಿರುಗಿತು.

ಆಗ ಅವಳು ಬಾಯಿ ಬಿಟ್ಟಳು. ಸೆರಗು ಜಾರಿ ಬಿತ್ತು.

"ಶರಣಪ್ಪಾ!"

ಅಂಥ ದನಿ ಅವಳಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಕಾಕಾ ಗಕ್ಕನೆ ಎಡಕ್ಕೆ ತಿರುಗಿದ. ಏನು ಮಾಡಿದನೋ, ಟ್ರ್ಯಾಕ್ಟರ್ ಒಮ್ಮೆ ಮೈ ಒದರಿ ಮುಂದಕ್ಕೆ ನೆಗೆದು ಬಂದ್ ಬಿತ್ತು. ಅಂಗಳದಲ್ಲಿ ಎಮ್ಮೆಗಳು ಮೆಲುಕು ಹಾಕುವ ಸದ್ದು ಕೇಳತೊಡಗಿತು.

ಕಾಕು ನಿಂತೇ ಇದ್ದಳು. ಅವಳ ಸೀರೆಯ ಮೇಲೆ, ಹೊಟ್ಟೆಗೆ ಸರಿಯಾಗಿ, ಟೈರಿನ ಹಲ್ಲಿನ ಗುರುತು ಕೆಸರಿನಲ್ಲಿ ಮೂಡಿತ್ತು. ಅಚ್ಚು ಒತ್ತಿದ ಹಾಗೆ, ಅಂಚು ಕೂಡ ಸ್ಪಷ್ಟ. ಕಾಕಾ ಇಳಿಯಲಿಲ್ಲ. ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಕೂತು, "ಅವ್ವ ಕರದಂಗಾತು," ಎಂದ. ಅಜ್ಜಿ ಸತ್ತ ಮೇಲೆ ಆ ಮನೆಯಲ್ಲಿ ಯಾವ ಹೆಂಗಸೂ ಅವನನ್ನು ಹೆಸರು ಹಿಡಿದು ಕರೆದಿರಲಿಲ್ಲ.

ಇನ್ನೂ ಒಂದು ಮಾತು ಕೇಳುತ್ತಿತ್ತು. ಅಪ್ಪ ಎದ್ದು ನಿಂತಿದ್ದ, ಪೇಪರು ನೆಲಕ್ಕೆ ಬಿದ್ದಿತ್ತು. "ಏನಾತು? ಏನಾತವಾ?" ಎಂದು ಗೋಡೆಯನ್ನೇ ಕೇಳುತ್ತಿದ್ದ. ಆದರೂ ಅವನು ತಿರುಗಿರಲಿಲ್ಲ. ತಿರುಗಬಹುದೋ ಬಾರದೋ ಅವನಿಗೆ ತಿಳಿಯದಾಗಿತ್ತು.

"ಅಪ್ಪಾ, ತಿರುಗ್ರಿ," ಎಂದೆ.

ಮುಂಗೈಗೆ ಬಳೆಚೂರು ನಟ್ಟದ್ದು, ಪಕ್ಕೆಲುಬು ಕೆಲವು ದಿನ ನೀಲಿಯಾದದ್ದು, ಇಷ್ಟು ಬಿಟ್ಟರೆ ಕಾಕುಗೆ ಏನೂ ಆಗಲಿಲ್ಲ. ಎಲ್ಲರೂ ಅದನ್ನೇ ಹೇಳಿ ಸಮಾಧಾನ ಮಾಡಿದರು. ಅವಳು ಅಳುತ್ತಿದ್ದದ್ದು ಪಕ್ಕೆಲುಬಿಗಲ್ಲ ಎಂದು ನನಗೆ ತಿಳಿದದ್ದು ಸಂಜೆ, ಅವಳ ಕೈಗೆ ಅರಿಶಿನ ಹಚ್ಚುವಾಗ.

"ಹೆಸರು ಹಿಡದೆ. ಮಂದಿ ಮುಂದ, ಭಾವನವರ ಮುಂದ ಒದರಿ ಹಿಡದೆ. ಇನ್ನ ಅವರಿಗಿ ಏನರೆ ಆತಂದ್ರ?"

"ಹಿಡೀದಿದ್ರ ನಿಮಗ ಆಗ್ತಿತ್ತಲ್ಲ ಕಾಕು."

"ನನಗ ಆದ್ರ ಆಗವಲ್ದ್ಯಾಕ," ಎಂದಳು, ಸ್ವಲ್ಪ ಸಿಟ್ಟಿನಿಂದಲೇ. ನಾನು ಅಷ್ಟು ಸಣ್ಣ ಮಾತನ್ನೂ ತಿಳಿಯದ ದಡ್ಡಿ ಎಂಬಂತೆ.

ನಾಲವಾರದ ಮಠಕ್ಕೆ ಹೋಗಿ ಬರಬೇಕೆಂದು ಹಟ ಹಿಡಿದಳು. ಮೈ ನೋವಿನಲ್ಲೇ ಹೊರಟಳು, ಜೊತೆಗೆ ನಾನು. ರೈಲಿನಲ್ಲಿ ಎದುರಿಗೆ ಕೂತಿದ್ದ ಮುದುಕಿ ಕಾಕುವಿನ ಬಾಯಿಂದ ಎಲ್ಲವನ್ನೂ ಹೊರಡಿಸಿಕೊಂಡು, ಎಲೆ ಅಡಿಕೆ ಜಗಿಯುತ್ತ, "ನಾ ನನ್ನ ಗಂಡನ ಹೆಸರು ದಿನಾ ಹಿಡದು ಬೈತಿದ್ದೆನವಾ. ಎಂಬತ್ತು ದಾಟಿ ಹೋದ," ಎಂದಳು. ಡಬ್ಬಿಯೆಲ್ಲ ನಕ್ಕಿತು. ಕಾಕು ನಗಲಿಲ್ಲ. ಮಠದಲ್ಲಿ ವಿಭೂತಿ ಹಚ್ಚಿಸಿಕೊಂಡು, ಕಣ್ಣು ಮುಚ್ಚಿ ಬಹಳ ಹೊತ್ತು ಕೂತಳು. ಬರುವಾಗ ಅವಳ ಮುಖ ಹೋಗುವಾಗಿನಂತೆಯೇ ಇತ್ತು.

ಮರಳಿದ ಮೇಲೆ ಆ ಮನೆಯಲ್ಲಿ ಅಂಜಿಕೆ ಇಬ್ಬರದಾಯಿತು. ನಾನು ಕಾಕುಗಾಗಿ ಅಂಜುತ್ತಿದ್ದೆ, ಕಾಕು ಕಾಕಾನಿಗಾಗಿ. ಫರಸಿ ತರಲು ಗಣಿಗೆ ಹೋದವನು ಬರುವವರೆಗೆ ಅವಳು ಒಲೆಯ ಮುಂದೆ ಕೂತರೂ ಕಿವಿ ರಸ್ತೆಗೆ. ಅವನು ಕೆಮ್ಮಿದರೆ ಅವಳ ಕೈಯಲ್ಲಿದ್ದ ರೊಟ್ಟಿ ನಿಲ್ಲುತ್ತಿತ್ತು.

ಆದರೆ ಹುಲ್ಲು ಕಾಯುತ್ತದೆಯೇ? ಮಿಷನ್ನು ಮತ್ತೆ ಕಟ್ಟಲೇಬೇಕಿತ್ತು. ಬೇರೆ ಆಳು ನಿಲ್ಲಿಸುತ್ತೇನೆಂದು ಕಾಕಾ ಹೇಳಿದ್ದಕ್ಕೆ ಕಾಕು ಒಪ್ಪಲಿಲ್ಲ. ಗೂಟ ಕೂಡಿಸುವುದು ಬೇರೆಯವರಿಗೆ ಬರುವುದಿಲ್ಲವೆಂದಳು. ಕಟ್ಟುವ ದಿನ ಭಾನುವಾರ. ಅಪ್ಪ ಮತ್ತೆ ವಾಡಿಯಿಂದ ಬಂದಿದ್ದ. ಅಂಗಳ ಒಣಗಿತ್ತು. ಕಾಕು ಸೆರಗು ಎಳೆದುಕೊಂಡು ಅಂಚನ್ನು ಬಾಯಿಗೆ ತಂದಳು. ಅಪ್ಪ ಹೊರಸಿನಿಂದ ಎದ್ದ. ಅಂಗಳ ದಾಟಿ ಬಂದು, ಎಡಗಡೆಯ ಗಾಲಿ ಕಾಣುವಂತೆ, ಅವಳೆದುರಿಗೇ ನಿಂತ.

"ತಂಗಿ," ಎಂದ. ಆ ಮನೆಗೆ ಅವಳು ಬಂದಂದಿನಿಂದ ಅವನು ಅವಳಿಗೆ ನೇರವಾಗಿ ಆಡಿದ ಮೊದಲ ಮಾತು ಅದು. "ಬಾಯಾಗ ಸೆರಗು ಹಿಡೀಬ್ಯಾಡ. ಸೊಂಟಕ್ಕ ಸಿಗಸು."

ಕಾಕು ಸೆರಗನ್ನು ಸೊಂಟಕ್ಕೆ ಸಿಗಿಸಿದಳು. ಕಿವಿಯವರೆಗೆ ಕೆಂಪಾಗಿದ್ದಳು. ಅಪ್ಪನೂ ಕೆಂಪಾಗಿದ್ದ. ಟ್ರ್ಯಾಕ್ಟರ್ ಹಿಂದೆ ಬರತೊಡಗಿತು. ಅವನು ಕಣ್ಣು ಕದಲಿಸಲಿಲ್ಲ; ಸರಿಯಾದ ಹೊತ್ತಿಗೆ ಕೈಯೆತ್ತಿ "ನಿಂದ್ರಲೇ!" ಎಂದು ತಮ್ಮನಿಗೆ ಗದರಿಸಿದ. ಆ ಹಂಗಾಮಿನಲ್ಲಿ ಮಿಷನ್ನು ಕಟ್ಟುವುದನ್ನು ಭಾನುವಾರಕ್ಕೇ ಇಟ್ಟುಕೊಂಡರು. ಅಪ್ಪ ಪ್ರತಿ ಸಲ ರೈಲು ಹತ್ತಿ ಬಂದು, ಧೋತರ ಎತ್ತಿ ಕಟ್ಟಿ, ಅಷ್ಟು ವರ್ಷ ನೋಡದೇ ಇದ್ದವಳನ್ನು ರೆಪ್ಪೆ ಬಡಿಯದೆ ನೋಡುತ್ತ ನಿಲ್ಲುತ್ತಿದ್ದ. ಕೆಲಸ ಮುಗಿದ ಕೂಡಲೇ ಇಬ್ಬರೂ ಮೊದಲಿನಂತಾಗುತ್ತಿದ್ದರು: ಅವಳ ಸೆರಗು ತಲೆಗೆ, ಅವನ ಮುಖ ಗೋಡೆಗೆ. ಊಟಕ್ಕೆ "ಇನ್ನಟು ಹಾಕ್ಲೇನು ಕೇಳು" ಎಂಬುದು ನನ್ನ ಮೂಲಕವೇ.

ಕಾಕಾ ಗಟ್ಟಿಯಾಗಿದ್ದಾನೆ. ಕಾಕು ಇಂದಿಗೂ ನಂಬುವುದಿಲ್ಲ. ಕಳೆದ ಸಲ ಹೋದಾಗ, ಅವನು ಹೊರಗೆ ಹೋದದ್ದನ್ನು ನೋಡಿಕೊಂಡು ಮೆಲ್ಲಗೆ ಕೇಳಿದಳು: "ಸೊರಗ್ಯಾರೇನು, ನೋಡು?"

ಆ ವಾಸನೆ ಬಂದ ದಿನ ತರಗತಿ ಮುಗಿಸಿ ನಾನು ಬೇಗ ಕೋಣೆಗೆ ಬಂದೆ. ನನ್ನದು ಶಹಾಬಾದಿನ ಒಂದು ಓಣಿಯಲ್ಲಿ ಬಾಡಿಗೆ ಕೋಣೆ. ಇಷ್ಟು ಹೊತ್ತು ಹೇಳದೆ ಉಳಿಸಿಕೊಂಡ ಸಂಗತಿಯೊಂದಿದೆ: ಬರುವ ಬೇಸಿಗೆಯಲ್ಲಿ ನನ್ನ ಮದುವೆ. ಗೊತ್ತಾದ ದಿನವೇ ಅವ್ವ ನನ್ನನ್ನು ಒಳಗೆ ಕರೆದು ಹೇಳಿದ್ದಳು, "ಇನ್ನ ಮ್ಯಾಲ ಅವರ ಹೆಸರು ಬಾಯಾಗ ಬರಬಾರದು ನೋಡವಾ. ನೀ ಏನು ಕಲತ್ರೂ ಕಲತಿ, ಇದೊಂದು ನಡಸು." ನಾನು ಆಗಲೆಂದಿದ್ದೆ. ಆ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ಅದಕ್ಕೆ ಕಾರಣ ಅವ್ವನ ಮಾತಲ್ಲ, ನನ್ನ ಸಂಕೋಚ.

ಕೋಣೆಯ ಬಾಗಿಲು ಹಾಕಿದೆ. ನಡುವೆ ನಿಂತು ಆ ಹೆಸರನ್ನು ಕರೆದೆ. ಮೂರನೆಯ ಬೆಂಚಿಗೂ ಕೇಳದಂಥ ದನಿ. ಆಯುಷ್ಯಕ್ಕೂ ಹೆಸರಿಗೂ ಸಂಬಂಧವಿಲ್ಲವೆಂದು ನನಗೆ ಗೊತ್ತು. ಆದರೂ ಕಂಡೂ ಕಾಣದ ಆ ಮನುಷ್ಯ ಆ ಹೊತ್ತಿನಲ್ಲಿ ಎಲ್ಲಿರಬಹುದು, ರಸ್ತೆ ದಾಟುತ್ತಿರಬಹುದೇ ಎಂದು ಅಂಗೈ ಬೆವರಿತು. ಕಾಕುವಿನ ಅಂಜಿಕೆ ಏನೆಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಬೆವರನ್ನು ಸೀರೆಗೆ ಒರೆಸಿಕೊಂಡು, ಉಸಿರು ತುಂಬಿಕೊಂಡು, ಇನ್ನೊಮ್ಮೆ ಕರೆದೆ.

ಗೋಡೆಯಾಚೆಯಿಂದ ಪಕ್ಕದ ಮನೆಯಾಕೆ ಕೇಳಿದಳು: "ಯಾರಿಗಿ ಕರ್ಯಾಕತ್ತೀರಿ, ಟೀಚರ್?"

"ಯಾರಿಗೂ ಇಲ್ರಿ," ಎಂದೆ. "ದನಿ ಎಲ್ಲೀತನಕ ಹೋಗ್ತದ ನೋಡ್ಲಿಕತ್ತೀನಿ."

"ಇಲ್ಲೀತನಕ ಬಂತು ನೋಡ್ರಿ," ಎಂದಳು ಆಕೆ.

ಸಾಲದು ಎನ್ನಿಸಿತು. ಬಾಗಿಲು ತೆರೆದು, ಇನ್ನೊಮ್ಮೆ ಕರೆದೆ.